ಹೋಗಾಕೆ ಎರಡೂವರೆ, ಬರಾಕೆ ಐದೂವರೆ

ಅನ್ನಪೂರ್ಣಮ್ಮ: ದುಬೈಗೆ ಎರಡೂವರೆ ಗಂಟೆ ಅಂತ ಊರಿಗೆಲ್ಲ ಡಂಗುರ ಹೊಡೆದೋರು ನೀವೇ. ಈಗ ನನಗೆ ಮಾತ್ರ ದೂರ ಆಯ್ತಾ?

ಸಾರಿನ ಸೌಟು ಹಿಡಿದುಕೊಂಡೇ ಆಕೆ ನಡುಮನೆಗೆ ಬಂದಿದ್ದಳು. ಚನ್ನಗಿರಿಯಲ್ಲಿ ಹನಿ ನೀರಾವರಿ ಪೈಪು ಮಾರುವ ಗಂಡ ಮುರುಗೇಶಪ್ಪನಿಗೆ ಕಂಪನಿಯವರು ದುಬೈ ನೋಡಿ ಬರಲು ಎರಡು ಟಿಕೆಟ್ ಕೊಟ್ಟಿದ್ದರು. ಎರಡನೆಯದು ಯಾರ ಹೆಸರಿಗೆ ಎಂದು ಸಂಜೆಯೊಳಗೆ ತಿಳಿಸಬೇಕು. ಆತ ಜಗಳೂರಿನ ಗೆಳೆಯ, ನಿವೃತ್ತ ಕಂಡಕ್ಟರ್ ತಿಪ್ಪೇರುದ್ರನನ್ನು ಪಾಸ್‌ಪೋರ್ಟ್ ಸಮೇತ ಬರಹೇಳಿದ್ದ. ಹುಟ್ಟಿದಾಗಿನಿಂದ ವಿಮಾನವನ್ನು ಅಂಗಳದಿಂದಲೇ ನೋಡಿದ ಹೆಂಡತಿಗೆ ಈ ಸುದ್ದಿ ಅಂಗಡಿಯ ಹುಡುಗಿ ಮಾಲಾಳಿಂದ ತಿಳಿದಿತ್ತು.

ಮುರುಗೇಶಪ್ಪ: ಹೋಗಾಕೆ ಎರಡೂವರೆನೇ ಕಣೆ. ಬೆಂಗಳೂರು ಬಿಡೋದು ಹತ್ತಕ್ಕೆ, ದುಬೈ ಮುಟ್ಟೋದು ಹನ್ನೆರಡೂವರೆಗೆ. ಬರೋವಾಗ ಅಲ್ಲಿ ಎರಡಕ್ಕೆ ಬಿಟ್ರೆ ಇಲ್ಲಿ ಏಳೂವರೆ. ಐದೂವರೆ ಗಂಟೆ! ನಿನ್ನ ಕೈಲಿ ಆಗಲ್ಲ.

ಅನ್ನಪೂರ್ಣಮ್ಮ: ಅದೇ ಊರು, ಅದೇ ದಾರಿ. ಬರೋವಾಗ ಡಬಲ್ ಯಾಕಂತೆ?

ಮುರುಗೇಶಪ್ಪ: ಹೋಗೋದು ಇಳಿಜಾರು, ಬರೋದು ಏರು.

ಅನ್ನಪೂರ್ಣಮ್ಮ: ಆಕಾಶದಾಗೆ?

ಮುರುಗೇಶಪ್ಪ: ಭೂಮಿ ಗುಂಡಗೈತೆ ಕಣೆ. ಗುಂಡಗಿದ್ದ ಮೇಲೆ ಒಂದು ಕಡೆ ಇಳಿಜಾರು ಇರಲೇಬೇಕು. ಪೈಪಿನಾಗೆ ನೀರು ಹರಿಸೋನಿಗೆ ಇಳಿಜಾರು ಹೇಳಿಕೊಡಾಕೆ ಬಂದ್ಲು!

ಒಂದು ವಾರದಿಂದ ಅಂಗಡಿಯಲ್ಲಿ ಇದೇ ಉಪನ್ಯಾಸ. ಹೊನ್ನಾಳಿಯ ಗಿರಾಕಿಯೊಬ್ಬ ಹೌದೌದೆಂದು ತಲೆಯಾಡಿಸಿ ಎರಡು ಸುರುಳಿ ಪೈಪು ಕೊಂಡಿದ್ದ. ಅಂದಿನಿಂದ ಅದು ಸಿದ್ಧಾಂತವಾಗಿಬಿಟ್ಟಿತ್ತು.

ಅನ್ನಪೂರ್ಣಮ್ಮ: ಒಳ್ಳೇದೇ ಆಯ್ತು ಬಿಡ್ರಿ. ಎರಡೂವರೆ ಗಂಟೆ ನಾನು ಹೋಗ್ತೀನಿ. ಆ ಐದೂವರೆ ಗಂಟೆಗೆ ನಿಮ್ಮ ತಿಪ್ಪೇರುದ್ರನ್ನ ಕರಕೊಂಡು ಬರ್ರಿ.

ಮುರುಗೇಶಪ್ಪ: ಬಸ್ಸಿನಾಗೆ ನ್ಯಾಮತಿ ದಾಟೋದ್ರೊಳಗೆ ನಿನಗೆ ಹೊಟ್ಟೆ ತೊಳಸ್ತೈತೆ. ವಿಮಾನ ಬೇರೆ ಕೇಡು.

ಅನ್ನಪೂರ್ಣಮ್ಮ: ನನಗೆ? ಸವಳಂಗದ ಮದುವೆಗೆ ಹೋಗೋವಾಗ ವಾಂತಿ ಮಾಡಿ ನನ್ನ ರೇಷ್ಮೆ ಸೀರೆ ಹಾಳು ಮಾಡಿದ್ದು ಯಾರ್ರೀ?

ಮುರುಗೇಶಪ್ಪ: ಅದು ಪಿತ್ತ. ದೊಡ್ಡ ಮನುಷ್ಯರಿಗೆ ಪಿತ್ತ ಇರ್ತೈತೆ.

ಅಷ್ಟರಲ್ಲಿ, ಬಾಗಿಲಾಚೆಯೇ ಇದನ್ನೆಲ್ಲ ಕೇಳಿಸಿಕೊಂಡಿದ್ದ ತಿಪ್ಪೇರುದ್ರ ಒಳಗೆ ಬಂದ. ಮುರುಗೇಶಪ್ಪನ ಟಿಕೆಟ್ ಇಸಕೊಂಡು, ಪಾಸು ತಪಾಸಣೆ ಮಾಡುವವನಂತೆ ಹಿಂದೆ ಮುಂದೆ ನೋಡಿದ.

ತಿಪ್ಪೇರುದ್ರ: ಏರೂ ಇಲ್ಲ, ಇಳಿಜಾರೂ ಇಲ್ಲ ಮುರುಗೇಶಣ್ಣ. ಅವರ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೈತೆ. ಎರಡು ಸಾವಿರದ ಏಳುನೂರು ಕಿಲೋಮೀಟರು. ಹೋಗಾಕೂ ನಾಲ್ಕು ಗಂಟೆ, ಬರಾಕೂ ನಾಲ್ಕು ಗಂಟೆ. ದಾವಣಗೆರೆನಾಗೆ ಬಸ್ ಕಾದು ನಾನು ಜಗಳೂರಿಂದ ಇಲ್ಲಿಗೆ ಬಂದಿದ್ದೂ ಅಷ್ಟೇ ಹೊತ್ತು.

ಮುರುಗೇಶಪ್ಪ: ಅದೆಲ್ಲ ಇರಲಿ. ಪಾಸ್‌ಪೋರ್ಟ್ ಕೊಡು.

ತಿಪ್ಪೇರುದ್ರ: ತಂದಿಲ್ಲ. ನಾ ಬರಲ್ಲ.

ಮುರುಗೇಶಪ್ಪ: ಯಾಕೋ?

ತಿಪ್ಪೇರುದ್ರ: ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದೆ. ನಿಮ್ಮನ್ನ ಒಂದು ದಿನನಾದ್ರೂ ಕಿಟಕಿ ಬಿಟ್ಟು ಬೇರೆ ಕಡೆ ಕೂರಿಸಿದ್ನಾ? ವಿಮಾನದಾಗೆ ಕಿಟಕಿ ತೆಗಿಯಾಕೆ ಬರಲ್ಲಂತೆ.

ಮುರುಗೇಶಪ್ಪ ಫ್ಯಾನು ನೋಡಿದ, ಗೋಡೆಯ ಕ್ಯಾಲೆಂಡರು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ.

ಮುರುಗೇಶಪ್ಪ: ಅನ್ನಪೂರ್ಣ, ನಿನ್ನ ಪಾಸ್‌ಪೋರ್ಟ್ ಎಲ್ಲೈತೆ?

ಬೆಳಿಗ್ಗೆಯಿಂದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದುದನ್ನು ಆಕೆ ತೆಗೆದು ಗಂಡನ ಮುಂದೆ ಇಟ್ಟಳು.

ಅನ್ನಪೂರ್ಣಮ್ಮ: ಹೆಸರು ಬರೀರಿ. ಆದ್ರೆ ಹೋಗೋವಾಗ ನನ್ನ ಸೀಟು ನಿಮ್ಮ ಹಿಂದೆ, ಬರೋವಾಗ ನಿಮ್ಮ ಮುಂದೆ. ಇಳಿಜಾರಿನಾಗೆ ಯಾವ ಕಡೆ ಹರೀತೈತೆ ಅಂತ ಪೈಪು ಮಾರೋರಿಗೆ ನಾನೇನು ಹೇಳಲಿ?