ಬೆಳ್ಯಪ್ಪ ಹಂದಿ ಕಟ್ಟಿದ್ದು

ಹೊಸ ಅಕ್ಕಿಯ ಹಬ್ಬ ಹುತ್ತರಿ ಹತ್ತಿರ ಬಂದಿತ್ತು. ಮೇಲೆ ತೋಟಗಳಲ್ಲಿ ಕಾಫಿ ಕುಯ್ಲು ನಡೆದಿತ್ತು, ಕೆಳಗೆ ಗದ್ದೆಗಳಲ್ಲಿ ಕದಿರು ಬಾಗಿ ನಿಂತಿತ್ತು. ಹುತ್ತರಿ ಕಳೆಯುವ ತನಕ ಪೈರಿಗೆ ಕತ್ತಿ ಹಾಕಬಾರದೆಂಬುದು ಮನುಷ್ಯರಿಗಿದ್ದ ಕಟ್ಟಳೆ. ಹಂದಿಗಳಿಗೆ ಅದು ಇರಲಿಲ್ಲ. ಹಿಂದಿನ ರಾತ್ರಿ ಅವು ಪಕ್ಕದವರ ಗದ್ದೆಯನ್ನು ಚಾಪೆ ಹಾಸಿದ ಹಾಗೆ ಮಲಗಿಸಿ ಹೋಗಿದ್ದವು. ಈ ರಾತ್ರಿಯ ಸರದಿ ಬೆಳ್ಯಪ್ಪನ ಗದ್ದೆಯದು. ಅವನ ಮನೆಯ ವರ್ಷದ ಅನ್ನವೆಲ್ಲ ಆ ಗದ್ದೆಯಲ್ಲೇ ಇತ್ತು.

"ಸುಮ್ನೆ ಗದ್ದೆ ಬದಿಯಲ್ಲಿ ಕೂತು ತಗಡು ಬಡೀರಿ" ಎಂದಳು ಹೆಂಡತಿ ಹೊನ್ನಮ್ಮ.

"ತಗಡು ಬಡಿಯೋರಿಗೆ ವಿದ್ಯೆ ಯಾಕೆ?" ಎಂದ ಬೆಳ್ಯಪ್ಪ.

ವಿದ್ಯೆ ಹೊಸತು. ಸುತ್ತಿನ ಊರುಗಳಲ್ಲೆಲ್ಲ ಹಂದಿಕಟ್ಟು ಬಲ್ಲವನು ಉತ್ತಯ್ಯಜ್ಜ ಒಬ್ಬನೇ. ಮಂತ್ರ ಹೇಳಿ ಗದ್ದೆಗೆ ಸುತ್ತು ಬಂದರೆ ಹಂದಿ ಆ ಗೆರೆ ದಾಟುವುದಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಅಜ್ಜ ಅದನ್ನು ಬೆಳ್ಯಪ್ಪನಿಗೆ ಹೇಳಿಕೊಟ್ಟಿದ್ದ. ಮಂತ್ರ ಚಿಕ್ಕದು, ಕೊಟ್ಟಿಗೆ ಗುಡಿಸುತ್ತಲೇ ಬಾಯಿಪಾಠವಾಗಿತ್ತು. ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲಿ, ಮಡಿಲಿಗೆ ಹೊಳೆಯ ಮರಳು ತುಂಬಿಕೊಂಡು ಹೋಗಬೇಕು. ಸೂರ್ಯ ಮುಳುಗುವ ಮೊದಲು, ಕಣ್ಣನ್ನು ಕಾಲ ಹೆಬ್ಬೆರಳಿನಿಂದ ಕದಲಿಸದೆ, ಹೊರ ಬದುವಿನ ಮೇಲೆ ಮರಳು ಚೆಲ್ಲುತ್ತ ಒಂದು ಸುತ್ತು.

"ಇಷ್ಟೇನಾ ಅಜ್ಜ?"

"ಇಷ್ಟೇ. ಮನೆ ಬಿಟ್ಟ ಮೇಲೆ ಸುತ್ತು ಮುಗಿಯುವ ತನಕ ಯಾರೂ ನಿನ್ನನ್ನು 'ಎಲ್ಲಿಗೆ' ಅಂತ ಕೇಳ್ಬಾರ್ದು. ಕೇಳಿದ್ರೆ ಕೆಟ್ಟಿತು. ಮರಳು ಚೆಲ್ಲಿ ಮನೆಗೆ ಹೋಗಿ ಮತ್ತೆ ನೀರು ಹಾಕ್ಕೊಂಡು ಹೊರಡ್ಬೇಕು."

ಕಲಿಯುವಾಗ ಇದು ದೊಡ್ಡ ವಿಷಯವೆಂದು ಬೆಳ್ಯಪ್ಪನಿಗೆ ಹೊಳೆದಿರಲಿಲ್ಲ. ಆ ಊರಿನಲ್ಲಿ ಎದುರಾದವರು ನಮಸ್ಕಾರ ಹೇಳುವುದಿಲ್ಲ, "ಎಲ್ಲಿಗೆ?" ಎನ್ನುತ್ತಾರೆ. ಬಸ್ಸಿಳಿದು ಮನೆಗೆ ಬರುವವನನ್ನೂ ಕೇಳುತ್ತಾರೆ, ಚೊಂಬು ಹಿಡಿದು ಗುಡ್ಡಕ್ಕೆ ಹೊರಟವನನ್ನೂ ಬಿಡುವುದಿಲ್ಲ.

ಬೆಳಿಗ್ಗೆ ಗೇಟು ದಾಟಿದನೋ ಇಲ್ಲವೋ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ತೀರ್ಥಪ್ರಸಾದನ ಬೈಕು ಬಂದು ನಿಂತಿತು.

"ಬೆಳ್ಯಪ್ಪಣ್ಣ, ಈ ಚಳಿಗೆ ಒದ್ದೆ ಪಂಚೆಯಲ್ಲಿ ಎಲ್ಲಿಗೆ ಹೊರಟದ್ದು?"

ಬೆಳ್ಯಪ್ಪ ಅವನ ಮುಂದೆಯೇ ಮರಳು ಚೆಲ್ಲಿ, ಮುಖ ತಿರುಗಿಸಿ ಮನೆಗೆ ನಡೆದ.

ಎರಡನೆಯ ಸಲ ರಸ್ತೆ ಬಿಟ್ಟು ತೋಟದೊಳಗೆ ನುಗ್ಗಿದ. ಕಾಫಿ ಗಿಡಗಳ ನಡುವೆ ಕಳ್ಳಬೆಕ್ಕಿನಂತೆ ನಡೆಯುತ್ತಿದ್ದಾಗ ಗಿಡವೊಂದು ಮಾತಾಡಿತು.

"ಯಾರದು, ಬೆಳ್ಯಪ್ಪನಾ? ಇತ್ತ ಎಲ್ಲಿಗೆ ಮಗಾ?"

ಗಿಡದ ಹಿಂದಿನಿಂದ ಹಣ್ಣು ಕುಯ್ಯುವ ಬುಟ್ಟಿಯ ಸಮೇತ ಮುದುಕಿ ಬೋಜಮ್ಮನ ಮುಖ ಹೊರಬಂತು. ಬೆಳ್ಯಪ್ಪ ಅಳುವುದೊಂದು ಬಾಕಿ.

ಮತ್ತೆ ನೀರು ಹಾಕಿಕೊಂಡು, ಸೀನುತ್ತ, ಮೂರನೆಯ ಸಲ ತೋಡಿಗೇ ಇಳಿದ. ಮೊಣಕಾಲುದ್ದದ ನೀರಿನಲ್ಲಿ ಬೆನ್ನು ಬಗ್ಗಿಸಿ ಮೋರಿಯ ತನಕ ಬಂದಾಗ ಮೇಲಿನಿಂದ ತೀರ್ಥಪ್ರಸಾದನ ತಲೆ ಇಣುಕಿತು.

"ಅಯ್ಯೋ, ಇಲ್ಲಿದ್ದೀರಾ! ಬೆಳಿಗ್ಗೆ ಮುಖ ತಿರುಗಿಸಿ ಹೋದ್ರಲ್ಲ, ಬೇಜಾರಾಯ್ತೇನೋ ಅಂತ ಹುಡುಕ್ತಾ ಬಂದೆ. ಏಡಿ ಹಿಡಿಯೋದಾ? ಅಲ್ಲ, ಎಲ್ಲಿಗೆ ಹೊರಟದ್ದು?"

ಮನೆಗೆ ಬಂದ ಬೆಳ್ಯಪ್ಪನ ಹಲ್ಲುಗಳು ತಾಳ ಹಾಕುತ್ತಿದ್ದವು. ಹೊತ್ತು ಇಳಿಯತೊಡಗಿತ್ತು. ಗಂಡನಿಗೆ ಜ್ವರವೇ ಬರುತ್ತದೆಂದು ಹೆದರಿದ ಹೊನ್ನಮ್ಮ ಮೊಬೈಲು ತೆಗೆದು ಊರಿನ ಗ್ರೂಪಿಗೆ ಗದರುವ ದನಿಯಲ್ಲೇ ವಾಯ್ಸ್ ಹಾಕಿದಳು.

"ಎಲ್ಲರೂ ಕೇಳಿ. ನಮ್ಮವರು ಈಗ ಹಂದಿ ಕಟ್ಟಲಿಕ್ಕೆ ಹೊರಡ್ತಾರೆ. ಅವರು ಬಾಯಿ ಬಿಡುವ ತನಕ ಯಾರೂ ಅವರ ಹತ್ರ ಮಾತಾಡ್ಬೇಡಿ. ಎಲ್ಲಿಗೆ ಅಂತಲೂ ಬೇಡ, ಏನಂತಲೂ ಬೇಡ. ಮಾತಾಡಿದೋರ ಮನೆಗೆ ನಾನು ಬರ್ತೇನೆ."

ಕೊನೆಯ ಮಾತು ಕೆಲಸ ಮಾಡಿತು.

ನಾಲ್ಕನೆಯ ಸಲ ಬೆಳ್ಯಪ್ಪ ರಾಜರಸ್ತೆಯಲ್ಲೇ ಹೊರಟ. ಎದುರು ಬಂದವರೆಲ್ಲ ಬೇಲಿಯ ಕಡೆ ಮುಖ ಮಾಡಿ ನಿಂತರು. ಬೋಜಮ್ಮ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಗದ್ದೆಗೆ ಇಳಿದು ಕಣ್ಣನ್ನು ಹೆಬ್ಬೆರಳಿಗೆ ನೆಟ್ಟು ಸುತ್ತು ಶುರುಮಾಡಿದ. ಬದುವಿನ ಆಚೆ ಜನ ಸೇರಿದ್ದು ಅವರ ಉಸಿರಿನಿಂದಲೇ ಗೊತ್ತಾಗುತ್ತಿತ್ತು. ತೀರ್ಥಪ್ರಸಾದ ಗಾಳಿಗೆ ಸಿಕ್ಕ ಬಾಳೆ ಎಲೆಯ ಹಾಗೆ ಎರಡೂ ಕೈ ಆಡಿಸುತ್ತಿದ್ದ. ಬೆಳ್ಯಪ್ಪನಿಗೆ ಕಂಡದ್ದು ಕಾಲ ಬಳಿ ಕುಣಿಯುವ ಅವನ ನೆರಳು ಮಾತ್ರ. ಒಬ್ಬನೂ ತುಟಿ ಬಿಚ್ಚಲಿಲ್ಲ. ಮಂತ್ರ ಎಲ್ಲೂ ತೊಡರಲಿಲ್ಲ, ಮರಳು ಸಾಕಾಯಿತು, ಸೂರ್ಯ ಗುಡ್ಡದ ನೆತ್ತಿ ಮುಟ್ಟುವಾಗ ಸುತ್ತು ಕೂಡಿತು.

"ಮುಗೀತು!" ಎಂದು ಬೆಳ್ಯಪ್ಪ ತಲೆ ಎತ್ತಿದ. "ಇನ್ನು ಕೇಳಿ ಮಾರಾಯ್ರೆ, ಎಷ್ಟು ಬೇಕಾದ್ರೂ ಕೇಳಿ!"

"ಕೇಳ್ಲಿಕ್ಕೆ ಎಂತ ಇಲ್ಲ ಬೆಳ್ಯಪ್ಪಣ್ಣ" ಎಂದ ತೀರ್ಥಪ್ರಸಾದ. "ಹೇಳ್ಲಿಕ್ಕಿತ್ತು. ಹಂದಿ ಒಳಗೆ ಉಂಟು."

"ಯಾವ ಒಳಗೆ?"

"ನಿಮ್ಮ ಗದ್ದೆ ಒಳಗೇ. ನೀವು ಕೊನೇ ಸಲ ನೀರು ಹಾಕ್ಕೊಳ್ಳುವಾಗ ತಾಯಿ ಹಂದಿ ಮರಿಗಳನ್ನು ಕಟ್ಟಿಕೊಂಡು ಇಳೀತು."

"ಬಾಯಿ ಬಿಡ್ಬಾರ್ದಿತ್ತಾ?"

"ಹೊನ್ನಮ್ಮ ಮನೆಗೆ ಬರ್ತೇನೆ ಅಂದಿದ್ಲಲ್ಲ" ಎಂದಳು ಬೋಜಮ್ಮ, ಬಾಯಿಂದ ವಸ್ತ್ರ ತೆಗೆದು.

ಗದ್ದೆಯ ನಡುವೆ ಪೈರು ಅಲುಗಿತು. ಕರೀ ಬೆನ್ನೊಂದು ಎದ್ದು ಮತ್ತೆ ಮುಳುಗಿತು. ಜನರೆಲ್ಲ ಕೂಗೆಬ್ಬಿಸಿದರು, ಕಲ್ಲೆಸೆದರು. ಹಂದಿ ಸಂಸಾರ ಬದುವಿನ ತನಕ ಓಡಿತು. ಮರಳಿನ ಗೆರೆಯ ಹತ್ತಿರ ಬಂದದ್ದೇ ಗಕ್ಕನೆ ನಿಂತು, ಹೊರಳಿ, ಹೊಸ ದಾರಿಯಲ್ಲಿ ಪೈರು ತುಳಿಯುತ್ತ ಒಳಗೇ ಹೋಯಿತು. ಈ ಕಡೆಯಿಂದ ಓಡಿಸಿದರೆ ಆ ಕಡೆ, ಆ ಕಡೆಯಿಂದ ಓಡಿಸಿದರೆ ಈ ಕಡೆ. ಓಡಿಸಿದಷ್ಟೂ ಗದ್ದೆ ಚಪ್ಪಟೆಯಾಗುತ್ತ ಬಂತು.

ಉತ್ತಯ್ಯಜ್ಜನನ್ನು ಬೈಕಿನಲ್ಲಿ ಕೂರಿಸಿ ತಂದರು. ಅಜ್ಜ ಕೋಲೂರಿ ನಿಂತು, ತಾಯಿ ಹಂದಿ ಗೆರೆ ಮೂಸಿ ಹಿಂದೆ ತಿರುಗುವುದನ್ನು ನೋಡಿದ. ಅವನ ಕಣ್ಣು ತುಂಬಿ ಬಂತು.

"ಇಷ್ಟು ಗಟ್ಟಿ ಕಟ್ಟು ನನ್ನ ಕೈಯಲ್ಲೂ ಬಿದ್ದದ್ದಿಲ್ಲ ಮಗಾ!"

"ಬಿಚ್ಚಿ ಅಜ್ಜ, ಬೇಗ ಬಿಚ್ಚಿ!"

"ಕಟ್ಟಿದ ಮೇಲೆ ಸೂರ್ಯ ಹುಟ್ಟುವ ತನಕ ಬಿಚ್ಚೋ ಹಾಗಿಲ್ಲ. ಹೆದರ್ಬೇಡ. ಹೊರಗಿನ ಹಂದಿ ಒಂದೂ ಒಳಗೆ ಬರುದಿಲ್ಲ."

ಬೆಳ್ಯಪ್ಪ ಬದುವಿನ ಮೇಲೆ ಕುಸಿದು ಕೂತ. ಅಜ್ಜ ಕೆಮ್ಮಿದ.

"ಒಂದು ಮಾತು. ವಿದ್ಯೆ ಫಲಿಸಿದ ದಿನವೇ ಗುರುವಿಗೆ ಹುಂಜ ಕೊಡ್ಬೇಕು. ಬಾಕಿ ಉಳಿಸ್ಕೊಂಡ್ರೆ ಒಳ್ಳೇದಲ್ಲ."

ಫಲಿಸಲಿಲ್ಲವೆಂದು ವಾದಿಸಲು ಬೆಳ್ಯಪ್ಪನಿಗೆ ದಾರಿಯಿರಲಿಲ್ಲ. ಊರಿಗೆ ಊರೇ ಸಾಕ್ಷಿ ನಿಂತಿತ್ತು. ಹೊನ್ನಮ್ಮ ಗಂಡನ ಮುಖವನ್ನೂ ನೋಡದೆ ಮನೆಗೆ ಹೋಗಿ, ಗೂಡಿನಿಂದ ಕೆಂಪು ಹುಂಜವನ್ನು ಹಿಡಿದು ತಂದಳು. ಬೆಳ್ಯಪ್ಪ ಅದರ ಕಾಲು ಕಟ್ಟಿ, ಎರಡೂ ಕೈಯಲ್ಲಿ ಅಜ್ಜನಿಗೆ ಒಪ್ಪಿಸಿದ.