ಸಾಹೇಬರ ಕಾರಿನ ಕ್ಲಚ್ಚು

“ಮುಟ್ಬೇಡಿ” ಎಂದು ಎರಡು ಸಲ ಹೇಳಿಯೇ ಚಂದ್ರಶೇಖರಯ್ಯನವರು ತಮ್ಮ ಕಾರನ್ನು ಶೀನಣ್ಣನ ಬಸವನಗುಡಿ ಮನೆಯ ಕಾಂಪೌಂಡಿನಲ್ಲಿ ನಿಲ್ಲಿಸಿ ಮೈಸೂರು ರೈಲು ಹತ್ತಿದ್ದರು. ಅವರು ಶೀನಣ್ಣನ ಆಫೀಸಿನ ಸಾಹೇಬರು. ಖಾಲಿಯಿದ್ದ ಹೆಡ್ ಕ್ಲಾರ್ಕ್ ಕುರ್ಚಿಗೆ ಹೆಸರು ಬರೆಯುವವರೂ ಅವರೇ. ಆ ಹೆಸರು ಪಕ್ಕದ ಮೇಜಿನ ನಂಜಪ್ಪನದಾಗದೆ ತನ್ನದಾಗಲಿ ಎಂದು ಶೀನಣ್ಣ ಆರು ತಿಂಗಳಿಂದ ಕಾಯುತ್ತಿದ್ದ.

ಬೆಳಿಗ್ಗೆ ಪಕ್ಕದ ಮನೆಯ ದಾಕ್ಷಾಯಣಮ್ಮ ಗೋಡೆಯಾಚೆಯಿಂದ ಇಣುಕಿದರು. “ಮನೆಗೆ ಬಂದ ಕಾರಿಗೆ ಪೂಜೆ ಮಾಡಿಸ್ದೆ ನಿಲ್ಸಿದೀರಲ್ರೀ! ಸಾಹೇಬ್ರಿಗೇನಾದ್ರೂ ಆದ್ರೆ?”

“ಮುಟ್ಬೇಡಿ ಅಂದಿದಾರೆ ಕಣ್ರೀ,” ಎಂದ ಶೀನಣ್ಣ.

“ದೇವರ ಹತ್ರ ಕರ್ಕೊಂಡ್ಹೋಗ್ಬೇಡಿ ಅಂದಿಲ್ವಲ್ಲ,” ಎಂದಳು ಹೆಂಡತಿ ಗೋದಾ. ಆಗಲೇ ರೇಷ್ಮೆ ಸೀರೆ ಉಟ್ಟಾಗಿತ್ತು.

ಯುದ್ಧದ ಕಾಲದಲ್ಲಿ ಲಾರಿ ಓಡಿಸಲು ಕಲಿತಿದ್ದ ಶೀನಣ್ಣ ಹೊರಟೇಬಿಟ್ಟ. ಒಳಗೆ ಬೀದಿಯ ಆರು ಹೆಂಗಸರು, ಜಾಡಿಗೆ ಅದುಮಿದ ಮಿಡಿಗಾಯಿಯ ಹಾಗೆ. ಅವರ ಮಾತಿನಲ್ಲಿ ಇಂಜಿನ್ನಿನ ಸದ್ದೂ ಕೇಳಿಸಲಿಲ್ಲ. ದೊಡ್ಡ ಗಣಪತಿ ಗುಡಿಯ ಮುಂದೆ ಅರ್ಚಕರು ಚಕ್ರದಡಿ ನಿಂಬೆಹಣ್ಣಿಟ್ಟು ಆರತಿ ಎತ್ತಿದಾಗ ಎಲ್ಲರೂ ಕಣ್ಣುಮುಚ್ಚಿ ಸುಮ್ಮನಾದರು. ಶೀನಣ್ಣ ಕ್ಲಚ್ ಒತ್ತಿದ.

ಕ್ರೀಈಈ! ಹಂಡೆಯ ತಳಕ್ಕೆ ಇಟ್ಟಿಗೆ ಉಜ್ಜಿದಂಥ ಸದ್ದು. ಕಾಲು ತೆಗೆದರೆ ನಿಂತಿತು. ಒತ್ತಿದರೆ ಮತ್ತೆ ಕಿರುಚಿತು.

“ಕೆಡಿಸ್ಬಿಟ್ರಾ?” ಎಂದಳು ಗೋದಾ.

ಹೆಂಗಸರನ್ನು ಅಲ್ಲೇ ಇಳಿಸಿ ಶೀನಣ್ಣ ಓಕಳಿಪುರದ ಮೆಕ್ಯಾನಿಕ್ ಕೆಂಚಪ್ಪನ ಷೆಡ್ಡಿಗೆ ಕಾರು ಓಡಿಸಿದ. ಕೆಂಚಪ್ಪ ಗೇರ್‌ಬಾಕ್ಸನ್ನೇ ಕೆಳಗಿಳಿಸಿ, ಇದ್ದಿಲಿನಂಥ ಒಂದು ಸವೆದ ಬಳೆ ತೆಗೆದು ತೋರಿಸಿದ.

“ಇದು ರಿಲೀಸ್ ಬೇರಿಂಗು ಸ್ವಾಮಿ. ಪೆಡಲ್ ಒತ್ತಿದಾಗ ಇದು ಮುಂದಕ್ಕೆ ಹೋಗಿ, ತಿರುಗ್ತಿರೋ ಕ್ಲಚ್ಚನ್ನ ಅದುಮಿ ಇಂಜಿನ್ನಿಂದ ಬಿಡಿಸುತ್ತೆ. ಕಾಲೆತ್ತಿದ್ರೆ ಇದಕ್ಕೆ ರಜಾ. ಪೆಡಲ್ ಮೇಲೇ ಕಾಲಿಟ್ಕೊಂಡು ಓಡಿಸಿದ್ರೆ ರಜಾನೇ ಇಲ್ಲ, ಉಜ್ಜೀ ಉಜ್ಜೀ ಸವೆದ್ಹೋಗುತ್ತೆ. ಎಷ್ಟು ದಿನದಿಂದ ಹಿಂಗ್ ಓಡಿಸ್ತಿದೀರಾ?”

ಮನೆಯಿಂದ ಗುಡಿಯವರೆಗೂ ಭಯಕ್ಕೆ ಎಡಗಾಲು ಪೆಡಲ್ ಮೇಲೇ ಇದ್ದದ್ದು ಶೀನಣ್ಣನಿಗೆ ನೆನಪಾಯಿತು. “ಇವತ್ತೊಂದೇ ದಿನ ಕಣಪ್ಪ.”

ಇದೇ ಮೊದಲ ಕಳ್ಳತನ ಎಂದವನನ್ನು ಪೊಲೀಸು ನೋಡುವಂತೆ ಕೆಂಚಪ್ಪ ನೋಡಿದ. ಸಂಜೆಯೊಳಗೆ ಹೊಸದು ಹಾಕಿ ಕೊಟ್ಟ. ಈಗ ಒತ್ತಿದರೆ ಬೆಣ್ಣೆ.

ಕಾರು ಕಾಂಪೌಂಡಿಗೆ ಬಂದು ನಿಂತ ಹತ್ತೇ ನಿಮಿಷಕ್ಕೆ ಸಾಹೇಬರು ಜಟಕಾದಿಂದ ಇಳಿದರು. ಕಾರಿನೊಳಗೆ ಕೂತು ಸ್ಟಾರ್ಟ್ ಮಾಡಿದರು, ಕ್ಲಚ್ ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು.

“ಏನ್ರೀ ಶೀನಣ್ಣ, ಸದ್ದೇ ಇಲ್ಲ?”

“ಒಂಚೂರೂ ಇಲ್ಲ ಸಾರ್!”

“ಮೂರು ತಿಂಗಳಿಂದ ಕಿರುಚ್ತಿತ್ತಲ್ರೀ! ಗೇರ್‌ಬಾಕ್ಸ್ ಇಳಿಸ್ದೆ ಸರಿಹೋಗಲ್ಲ ಅಂತ ಮೆಕ್ಯಾನಿಕ್ಕು ಅಂದಿದ್ದಕ್ಕೆ ನಾನೇ ಸುಮ್ನಿದ್ದೆ.” ಸಾಹೇಬರು ಕನ್ನಡಕ ಸರಿಮಾಡಿಕೊಂಡರು. “ಮುಟ್ಬೇಡಿ ಅಂದ್ರೆ ಗೇರ್‌ಬಾಕ್ಸ್ ಬಿಚ್ಚೋರಿಗೆ ಹೆಡ್ ಕ್ಲಾರ್ಕ್ ಕುರ್ಚಿ ಕೊಟ್ರೆ ಆಫೀಸೇ ಬಿಚ್ಬಿಡ್ತೀರಿ. ನಂಜಪ್ಪನ ಹೆಸ್ರು ಬರೀತೀನಿ.”

ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಗೇಟು ದಾಟಿ ನಿಂತಿತು. ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿದರು.

“ಭಾನುವಾರ ಮನೆ ಕಡೆ ಬನ್ರೀ. ಬ್ರೇಕೂ ಸರಿಯಿಲ್ಲ.”