ಬಾಟಲಿ ಬಾಳೆಯ ತವರುಮನೆ

ಬಾಟಲಿಯಲ್ಲಿ ಬಾಳೆ ಬೆಳೆಸುವುದು ನನ್ನ ಹೊಟ್ಟೆಪಾಡು. ಇಬ್ರಾಹಿಂಪುರದ ನಮ್ಮ ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಮಣ್ಣೆಂಬುದೇ ಇಲ್ಲ. ಗಂಜಿಯಂಥ ಆಹಾರಕ್ಕೆ ಚಿಗುರಿಗೊಂದು ಹಾರ್ಮೋನು, ಬೇರಿಗೊಂದು ಹಾರ್ಮೋನು ಬೆರೆಸಿ ಸಸಿ ಎಬ್ಬಿಸುತ್ತೇವೆ. ಇಂಥ ಜಾಗದಲ್ಲಿ ದಿನ ಬೆಳಗಾದರೆ ಒಂದು ತಮಾಷೆ ಆಗದಿದ್ದರೆ ನಮಗೆ ಚಹಾ ರುಚಿಸುವುದಿಲ್ಲ.

ಸುಲಿದದ್ದು

ಬಬಲೇಶ್ವರದಿಂದ ಒಬ್ಬ ಮುದುಕಿ, ನಮ್ಮ ಬಾಯಲ್ಲಿ ಆಯಿ, ಒದ್ದೆ ಗೋಣಿಚೀಲದಲ್ಲಿ ಬಾಳೆಕಂದು ಸುತ್ತಿಕೊಂಡು ಬಂದಳು. "ನಮ್ಮವ್ವನ ಮನಿ ಬಾಳಿ ಇದು ತಮ್ಮಾ. ಅಲ್ಲಿ ಈಗ ಯಾರೂ ಇಲ್ಲ. ಗಿಡಾನೂ ಎಲ್ಲಾ ಹೋದ್ವು, ಇದೊಂದ ಉಳದೈತಿ. ಹೆಂಗರೆ ಮಾಡಿ ಉಳಿಸಿಕೊಡು."

ಧೈರ್ಯ ಹೇಳಿ, ಅವಳನ್ನು ಗಾಜಿನಾಚೆ ನಿಲ್ಲಿಸಿ, ಕಂದಿನ ಪದರ ಸುಲಿಯುತ್ತ ಹೋದೆ. ನಮಗೆ ಬೇಕಾದದ್ದು ಒಳಗಿನ ಬೆರಳತುದಿಯಷ್ಟು ಸುಳಿ ಮಾತ್ರ. ಆಯಿ ಎದೆ ಬಡಿದುಕೊಂಡಳು: "ಯಪ್ಪಾ, ಉಳ್ಳಾಗಡ್ಡಿ ಸುಲದಂಗ ಸುಲದಬಿಟ್ಟೆಲ್ಲೋ!" ಇಷ್ಟರಿಂದಲೇ ನೂರಾರು ಸಸಿ ಬರುತ್ತವೆ ಎಂದರೆ ನಂಬಲಿಲ್ಲ. ಕೊನೆಗೆ ಸಿಪ್ಪೆಯ ರಾಶಿ ನೋಡಿ ನಿಟ್ಟುಸಿರಿಟ್ಟು, "ಆ ಉಳದದ್ದನ್ನರೆ ಕೊಡು, ಪಲ್ಯಾ ಮಾಡ್ತೀನಿ" ಅಂದಳು.

ಕೈ ಬಿಚ್ಚಿ ಹಾಕ್ರಿ

ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಸಲಹೆ ಕೊಡದೆ ಹೋಗುವವರಲ್ಲ. ಗೊಂಚಲನ್ನು ಹಾರ್ಮೋನಿನಲ್ಲಿ ಅದ್ದಿ ಪಳಗಿದ ಕೈ. ನಾನು ಹನಿ ಲೆಕ್ಕದಲ್ಲಿ ಹಾಕುವುದು ನೋಡಿ, "ಏನ್ರಿ ಇಷ್ಟ ಜಿಪುಣತನ! ಕೈ ಬಿಚ್ಚಿ ಹಾಕ್ರಿ" ಅಂದರು. ಅವರ ಬಾಯಿ ಮುಚ್ಚಿಸಲು ಯಾವುದೋ ಒಂದು ಬಾಟಲಿಗೆ ಕೈ ಬಿಚ್ಚಿಯೇ ಹಾಕಿದೆ. ಮುಂದಿನ ಸಲ ಅವರು ಬಂದಾಗ ಆ ಬಾಟಲಿಯೊಳಗೆ ಕಾಂಡವಿಲ್ಲ, ಎಲೆಯಿಲ್ಲ, ಬರೀ ಗಂಟು ಗಂಟು. ತಿರುಗಿಸಿ ತಿರುಗಿಸಿ ನೋಡಿದರು.

"ಗೋಬಿ ಚಲೋ ಬಂದೈತಿ ಬಿಡ್ರಿ!"

ಅಮಾವಾಸ್ಯೆ

ನಮ್ಮ ಮಾಲೀಕರು ಶುದ್ಧಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಆದರೆ ಅಮಾವಾಸ್ಯೆ ದಿನ ಅವರೇ ಊದಿನಕಡ್ಡಿ, ತೆಂಗಿನಕಾಯಿ ಹಿಡಿದು ಚಿಗುರು ಕತ್ತರಿಸುವ ಕೋಣೆಗೆ ನುಗ್ಗಿದರು. "ಸರ್, ಬಾಟಲಿ ಕೆಡ್ತಾವ್ರಿ" ಅಂದೆ. "ದೇವರಿಗಿಂತ ಶುದ್ಧ ಯಾವುದೈತಿ?" ಅಂದು ಕಾಯಿ ಒಡೆದೇಬಿಟ್ಟರು. ಅಂದು ತೆರೆದ ಬಾಟಲಿಗಳಲ್ಲೆಲ್ಲ ಬೂಷ್ಟು ಹಿಡಿಯಿತು. ಪುಣ್ಯಕ್ಕೆ ಆಯಿಯ ಬಾಟಲಿ ಮುಟ್ಟಿರಲಿಲ್ಲ. ಮಾಲೀಕರು ಮಾತ್ರ ಕೈ ಮುಗಿದು, "ಏನೋ ಒಂದು ಬೆಳದೈತೆಲ್ಲ, ದೇವರು ಒಲದಾನ" ಅಂದರು.

ಉಡಿ ತುಂಬ್ರಿ

ಆಯಿಯ ಚಿಗುರಿಗೆ ಬೇರು ಬಂದು ಸಸಿಯಾಗಲು ವರ್ಷವೇ ಹಿಡಿಯಿತು. ಕಾರಹುಣ್ಣಿಮೆ ಮುಗಿದ ಮೇಲೆ ಟಂಟಂ ಗಾಡಿ ಮಾಡಿಕೊಂಡು ಬಂದವಳು ಸಸಿಗಳನ್ನು ಸವರಿ ಸವರಿ ಅತ್ತಳು. ಕಣ್ಣೊರೆಸಿಕೊಂಡವಳೇ ಜಬರಿಸಿದಳು: "ತವರಿಂದ ಹೆಣ್ಮಕ್ಕಳನ್ನ ಬರೇ ಉಡೀಲೆ ಕಳಸ್ತೀರೇನು? ಉಡಿ ತುಂಬ್ರಿ!" ಮಡಿಲಿಗೆ ಹಾಕುವ ಅಕ್ಕಿ, ಕುಪ್ಪಸದ ಬಟ್ಟೆ ಅವಳ ಚೀಲದಲ್ಲೇ ಇದ್ದವು. ನಮ್ಮಲ್ಲಿ ಹೆಂಗಸರಿಲ್ಲ, ಮಾಲೀಕರೇ ಮಾಸ್ಕು ಹಾಕಿಕೊಂಡು ಟ್ರೇಗೆ ಉಡಿ ತುಂಬಿದರು.

ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ನಾಗರಪಂಚಮಿ ಹತ್ತಿರ ಬಂದಾಗ ಆಯಿಯ ಫೋನು. "ಏನ್ ತಮ್ಮಾ, ಹೆಣ್ಣ ಕೊಟ್ಟ ಮ್ಯಾಲ ಮರತ ಬಿಟ್ರೇನು? ಹಬ್ಬಕ್ಕ ಕರಿಯಾಕ ಯಾರೂ ಬರಲಿಲ್ಲ!"

"ನೆಟ್ಟ ಬಾಳಿ ಹೆಂಗ ಕರಕೊಂಡು ಬರೂದಬೇ ಆಯಿ?"

"ಅವು ಚಲೋ ಬೇರು ಬಿಟ್ಟಾವ, ಬರಂಗಿಲ್ಲ. ತವರಿನ ಉಂಡಿ ಅಷ್ಟ ಕಳಸ್ರಿ."

"ಗಿಡಾ ಉಂಡಿ ತಿಂತಾವೇನಬೇ?"

"ಅವ್ಯಾಕ ತಿಂತಾವು? ನಾ ತಿಂತೀನಿ."